ನಮ್ಮ ಹೊಲದ ಕಲ್ಲನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ನಿಮ್ಮದಾಗಿದ್ದರೆ, ಅಥವಾ ಆ ದಾರಿಯಲ್ಲಿ ನೀವು ಬಸ್ಸಿನಲ್ಲಿ ಓಡಾಡಿದ್ದರೆ, ಒಂದು ಸಂಗತಿಯನ್ನು ಗಮನಿಸಿರಬಹುದು. ಹಂಪಿಯಲ್ಲಿ, ಚಿತ್ರದುರ್ಗದ ಕೋಟೆಯಲ್ಲಿ ಕಾಣುವಂಥ, ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ದುಂಡು ಬಂಡೆಗಳು ಇಲ್ಲಿ ಅಪರೂಪ. ಇಲ್ಲಿಯ ನೆಲ ಅಲೆ ಅಲೆಯಾಗಿ ಏರಿಳಿಯುತ್ತದೆ. ಬಾವಿ ತೋಡುವಾಗ ಮೇಲೆ ಬರುವ ಕಲ್ಲು ಹಸಿರು ಬೆರೆತ ಬೂದು ಬಣ್ಣದ್ದು. ಸುತ್ತಿಗೆಯಿಂದ ಹೊಡೆದರೆ ಬಹಳ ಕಡೆ ಅದು ಹಲಗೆ ಹಲಗೆಯಾಗಿ ಸೀಳುತ್ತದೆ. ನಡುನಡುವೆ ಕೆಂಪು, ಕಪ್ಪು ಗೆರೆಗಳ ಗಟ್ಟಿ ಕಲ್ಲಿನ ಗುಡ್ಡಸಾಲುಗಳು ತಲೆಯೆತ್ತಿ ನಿಂತಿರುತ್ತವೆ.

ಹೊಲದ ಬದುವಿಗೆ ಹಾಕಿದ ಆ ಬೂದುಗಲ್ಲಿನ ವಯಸ್ಸು ಎಷ್ಟಿರಬಹುದು? ಸುಮಾರು 260 ಕೋಟಿ ವರ್ಷ! ಆಗ ಭೂಮಿಯ ಮೇಲೆ ಮನುಷ್ಯನಿರಲಿ, ಮೀನು, ಹುಲ್ಲು, ಹುಳುಗಳೂ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ಇದ್ದವು. ನೀವು ಉಳುವ ಹೊಲ ಇರುವ ಜಾಗ ಅಂದು ಒಂದು ಕಡಲಿನ ತಳವಾಗಿತ್ತು.

ಈ ಮಾತನ್ನು ಇಂದು ಧೈರ್ಯದಿಂದ ಹೇಳಲು ನಮಗೆ ಆಧಾರಗಳಿವೆ. ಆದರೆ ಯಂತ್ರಗಳಿಲ್ಲದ ಕಾಲದಲ್ಲಿ, ಸುತ್ತಿಗೆ ಮತ್ತು ದಿಕ್ಸೂಚಿಗಳನ್ನು ಹಿಡಿದು ಈ ಶಿಲೆಗಳ ಸಂಬಂಧವನ್ನು ಬಿಡಿಸಲು ಹೊರಟವರು ರಾಬರ್ಟ್ ಬ್ರೂಸ್ ಫೂಟ್. ಧಾರವಾಡದಿಂದ ಶಿವಮೊಗ್ಗದ ಕಡೆಗೆ ಚಾಚಿದ ಈ ಶಿಲಾಪಟ್ಟಿಗೂ ಇದರ ಒಡಹುಟ್ಟುಗಳಿಗೂ ಸೇರಿಸಿ 'ಧಾರವಾಡ' ಎಂಬ ಹೆಸರಿಟ್ಟವರು ಅವರೇ. ಇಂದು ಜಗತ್ತಿನ ಯಾವ ದೇಶದ ಭೂವಿಜ್ಞಾನಿಯಾದರೂ ಭೂಮಿಯ ಅತಿ ಹಳೆಯ ಚರಿತ್ರೆಯನ್ನು ಓದುವಾಗ ಈ ಹೆಸರನ್ನು ಎದುರುಗೊಳ್ಳಲೇಬೇಕು.

ಮದರಾಸಿಗೆ ಬಂದ ಯುವಕ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1851ರಲ್ಲಿ ಆರಂಭವಾಗಿತ್ತು. ಅದರ ಮುಖ್ಯಸ್ಥರು ಥಾಮಸ್ ಓಲ್ಡ್‌ಹ್ಯಾಮ್. ಫೂಟ್ ಆ ಸಂಸ್ಥೆಯನ್ನು ಸೇರಿದ್ದು 1858ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ. ಅವರನ್ನು ಮದರಾಸು ಪ್ರಾಂತ್ಯಕ್ಕೆ ಕಳಿಸಲಾಯಿತು. ಅಲ್ಲಿಂದ 1891ರಲ್ಲಿ ನಿವೃತ್ತರಾಗುವವರೆಗೆ, 33 ವರ್ಷಗಳ ಕಾಲ, ದಕ್ಷಿಣ ಭಾರತದ ನೆಲವನ್ನು ಅಳೆಯುವುದೇ ಅವರ ಕೆಲಸವಾಯಿತು.

ಬ್ರಿಟಿಷ್ ಸರ್ಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು, ಕಬ್ಬಿಣ, ಚಿನ್ನ ಎಲ್ಲಿ ಸಿಗುತ್ತವೆ ಎಂಬ ಮಾಹಿತಿ. ಆದರೆ ಯಾವ ಖನಿಜ ಎಲ್ಲಿದೆ ಎಂದು ಹೇಳಬೇಕಾದರೆ ಮೊದಲು ಯಾವ ಶಿಲೆ ಎಲ್ಲಿದೆ, ಯಾವುದರ ಮೇಲೆ ಯಾವುದು ಕೂತಿದೆ ಎಂಬುದು ತಿಳಿಯಬೇಕು. ಹಾಗಾಗಿ ಭೂವಿಜ್ಞಾನಿಯ ಮೊದಲ ಕೆಲಸ ನಕ್ಷೆ ಬರೆಯುವುದು.

ಅಂದಿನ ಭೂವಿಜ್ಞಾನಿ ನಕ್ಷೆಯನ್ನು ನಡೆದೇ ಬರೆಯಬೇಕಿತ್ತು. ಮಳೆಗಾಲ ಮುಗಿದ ಮೇಲೆ ಡೇರೆ, ಸಾಮಾನುಗಳನ್ನು ಹೇರಿಕೊಂಡು ಹೊರಡುವುದು. ಹಳ್ಳದ ದಂಡೆ, ಬಾವಿಯ ಬಾಯಿ, ಗುಡ್ಡದ ನೆತ್ತಿ, ಹೀಗೆ ಕಲ್ಲು ಹೊರಗೆ ಕಾಣುವ ಜಾಗಗಳನ್ನೆಲ್ಲ ಹುಡುಕುವುದು. ಅಲ್ಲಿ ಶಿಲೆಯ ಚೂರು ಒಡೆದು ನೋಡುವುದು. ಪದರಗಳು ಯಾವ ದಿಕ್ಕಿಗೆ ಚಾಚಿವೆ, ಎಷ್ಟು ಡಿಗ್ರಿ ಓರೆಯಾಗಿವೆ ಎಂದು ಅಳೆದು ಬರೆದುಕೊಳ್ಳುವುದು. ಎರಡು ಬಗೆಯ ಶಿಲೆಗಳು ಕೂಡುವ ಗೆರೆ ಸಿಕ್ಕರೆ ಅದನ್ನು ಬಿಡದೆ ಮೈಲಿಗಟ್ಟಲೆ ಹಿಂಬಾಲಿಸುವುದು. ಬೇಸಿಗೆಯ ಬಿಸಿಲು ಏರಿದಾಗ ಹಿಂತಿರುಗಿ, ಕಂಡದ್ದನ್ನು ನಕ್ಷೆಯ ಮೇಲೆ ಬಣ್ಣಗಳಲ್ಲಿ ತುಂಬುವುದು.

ದಕ್ಷಿಣ ಮರಾಠ ಸೀಮೆಯ ವರದಿ

ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ಆಗಿನ ಆಡಳಿತ 'ದಕ್ಷಿಣ ಮರಾಠ ಸೀಮೆ' ಎಂದು ಕರೆಯುತ್ತಿತ್ತು. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ರೂಪುಗೊಂಡದ್ದು 1997ರಲ್ಲಿ. ಹಾನಗಲ್ ಧಾರವಾಡ ಜಿಲ್ಲೆಯ ತಾಲ್ಲೂಕಾಗಿತ್ತು. ಶಿಗ್ಗಾಂವಿ ಸುತ್ತಲಿನದು ಬಂಕಾಪುರ ತಾಲ್ಲೂಕು, ಹಿರೇಕೆರೂರು ಸುತ್ತಲಿನದು ಕೋಡ ತಾಲ್ಲೂಕು. ಸವಣೂರು ನವಾಬರ ಸಂಸ್ಥಾನ.

ಈ ಸೀಮೆಯ ಶಿಲೆಗಳ ಬಗ್ಗೆ ಫೂಟ್ ಅವರಿಗಿಂತ ಮೊದಲು, 1840ರ ದಶಕದಲ್ಲಿ, ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಬರೆದಿದ್ದರು. ಆದರೆ ಸೀಮೆಯನ್ನು ಕ್ರಮವಾಗಿ ಬಿಡಿಸಿ ನೋಡಿದ ದೊಡ್ಡ ವರದಿ ಫೂಟ್ ಅವರದು. ಅದು ಸರ್ವೇಕ್ಷಣ ಸಂಸ್ಥೆಯ ಗ್ರಂಥಮಾಲೆಯಲ್ಲಿ 1876ರಲ್ಲಿ ಅಚ್ಚಾಯಿತು.

ಆ ವರದಿಯಲ್ಲಿ ಅವರು ಮಾಡಿದ ಕೆಲಸವನ್ನು ಒಂದು ಮನೆಯ ಅಂತಸ್ತುಗಳಿಗೆ ಹೋಲಿಸಬಹುದು. ಎಲ್ಲಕ್ಕಿಂತ ಮೇಲೆ, ಬೆಳಗಾವಿಯ ಕಡೆ, ಕರಿಯ ಲಾವಾ ಶಿಲೆಗಳ ಹಾಸು. ಇದೇ ದಖನ್ ಟ್ರಾಪ್. ಅದರ ಕೆಳಗೆ ಮರಳುಗಲ್ಲು, ಸುಣ್ಣಕಲ್ಲುಗಳ ಪದರಗಳು. ಬಾದಾಮಿಯ ಗುಹೆಗಳನ್ನು ಕೊರೆದಿರುವ ಕೆಂಪು ಕಲ್ಲು ಈ ಗುಂಪಿನದು. ಇದಕ್ಕೆ ಫೂಟ್ 'ಕಲಾದಗಿ' ಎಂಬ ಹೆಸರು ಕೊಟ್ಟರು. ಅದಕ್ಕೂ ಕೆಳಗೆ, ನೆಲ ಅಂತಸ್ತಿನಲ್ಲಿ, ಮಡಿಸಿ ಮಡಿಸಿ ಸುಕ್ಕುಗಟ್ಟಿದ ಬಹಳ ಹಳೆಯ ಶಿಲೆಗಳು. ಹಾನಗಲ್‌ನಿಂದ ಹಿರೇಕೆರೂರಿನವರೆಗೆ ನಮ್ಮ ಕಾಲ ಕೆಳಗೆ ಇರುವುದು ಬಹುಪಾಲು ಈ ನೆಲ ಅಂತಸ್ತಿನ ಶಿಲೆಗಳೇ. ಮೇಲಿನ ಎರಡು ಅಂತಸ್ತುಗಳು ಇಲ್ಲಿಲ್ಲ.

ಈ ತಿರುಗಾಟದಲ್ಲೇ ಗೋಕಾಕದ ಸಮೀಪ ನದಿ ತಂದು ಹಾಕಿದ ಮಣ್ಣಿನಲ್ಲಿ ಅವರಿಗೆ ಖಡ್ಗಮೃಗವೊಂದರ ಪಳೆಯುಳಿಕೆಗಳು ಸಿಕ್ಕವು. 1874ರಲ್ಲಿ ಅದನ್ನು ಅವರು ಹೊಸ ಪ್ರಭೇದವೆಂದು ವರ್ಣಿಸಿ, 'ದಖನಿನ ಖಡ್ಗಮೃಗ' ಎಂಬ ಅರ್ಥದ ಲ್ಯಾಟಿನ್ ಹೆಸರು ಕೊಟ್ಟರು. ಘಟಪ್ರಭೆಯ ಸೀಮೆಯಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತು ಎಂದರೆ ಅಂದಿನ ಹವೆ, ಹಸಿರು ಹೇಗಿದ್ದಿರಬಹುದು, ನೀವೇ ಊಹಿಸಿ!

'ಧಾರವಾಡ' ಹುಟ್ಟಿದ ಬಗೆ

ನೆಲ ಅಂತಸ್ತಿನ ಶಿಲೆಗಳಲ್ಲಿ ಎರಡು ಬಗೆ. ಒಂದು, ಬಿಳಿ, ಕಪ್ಪು ಪಟ್ಟೆಗಳಿರುವ ಗಟ್ಟಿ ಹರಳುಗಲ್ಲು. ಇದರ ಹೆಸರು ನೈಸ್. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಬಂಡೆ ಇದೇ. ಇನ್ನೊಂದು, ನಾವು ಮೊದಲು ಹೇಳಿದ ಸೀಳುವ ಬೂದುಗಲ್ಲು ಮತ್ತು ಅದರ ಸಂಗಡಿಗರು. ಇವನ್ನು ಒಟ್ಟಾಗಿ ಷಿಸ್ಟ್ ಶಿಲೆಗಳು ಎನ್ನುತ್ತಾರೆ.

1880ರ ದಶಕದಲ್ಲಿ ಫೂಟ್ ಬಳ್ಳಾರಿ, ಅನಂತಪುರ, ಮೈಸೂರು ಸೀಮೆಗಳಲ್ಲಿ ಕೆಲಸ ಮಾಡಿದರು. ಅಲ್ಲಿಯೂ ನೈಸ್ ಶಿಲೆಯ ವಿಶಾಲ ಬಯಲಿನ ನಡುವೆ ಷಿಸ್ಟ್ ಶಿಲೆಗಳು ಉದ್ದುದ್ದ ಪಟ್ಟಿಗಳಾಗಿ ಬಿದ್ದಿರುವುದು ಕಂಡಿತು. ಕೌದಿಗೆ ಹಚ್ಚಿದ ಬೇರೆ ಬಣ್ಣದ ಬಟ್ಟೆಯ ಪಟ್ಟಿಗಳ ಹಾಗೆ! ಪಟ್ಟಿಗಳು ಬಹುತೇಕ ಒಂದೇ ದಿಕ್ಕಿಗೆ, ಉತ್ತರ–ವಾಯವ್ಯದಿಂದ ದಕ್ಷಿಣ–ಆಗ್ನೇಯಕ್ಕೆ, ಚಾಚಿದ್ದವು. ಶಿಲೆಗಳ ಬಗೆಯೂ ಒಂದೇ. ದೂರ ದೂರದ ಈ ಪಟ್ಟಿಗಳೆಲ್ಲ ಒಂದೇ ಕಾಲದ ಒಂದೇ ಸಮೂಹದ ಉಳಿದ ತುಣುಕುಗಳು ಎಂದು ಫೂಟ್ ತೀರ್ಮಾನಿಸಿದರು. 1886ರಲ್ಲಿ ಈ ಸಮೂಹಕ್ಕೆ 'ಧಾರವಾಡ' ಎಂಬ ಹೆಸರು ಬಂತು.

ಒಂದೊಂದು ಪಟ್ಟಿಗೂ ಅದರ ಎರಡು ತುದಿಗಳ ಊರುಗಳ ಹೆಸರನ್ನು ಕೊಡುವುದು ಅವರ ಪದ್ಧತಿ. ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿ ಒಂದು, ಧಾರವಾಡ–ಶಿವಮೊಗ್ಗ ಪಟ್ಟಿ ಇನ್ನೊಂದು. ನಮ್ಮ ನಾಲ್ಕು ತಾಲ್ಲೂಕುಗಳು ಇರುವುದು ಈ ಎರಡನೆಯ ಪಟ್ಟಿಯ ಮೇಲೆ.

ಚಿನ್ನದ ಅದಿರು ಸಿಗುವುದು ಹೆಚ್ಚಾಗಿ ಈ ಶಿಲೆಗಳಲ್ಲಿ ಎಂಬುದನ್ನೂ ಅವರು ಗುರುತಿಸಿದರು. ಗದಗ ಸಮೀಪದ ಡಂಬಳ ಗುಡ್ಡಗಳ, ಅಂದರೆ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ 1874ರಲ್ಲೇ ಬರೆದಿದ್ದರು. 1888ರಲ್ಲಿ ಧಾರವಾಡ ಸಮೂಹವೇ ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲಾಸಮೂಹ ಎಂದು ಲೇಖನ ಬರೆದರು. ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಿ ಫಲವಿಲ್ಲ ಎಂಬುದಕ್ಕೆ ಇದು ಬಹಳ ಕಾಲದ ದಾರಿದೀಪವಾಯಿತು.

ಹಳೆಯದು ಯಾವುದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ನೈಸ್ ಹಳೆಯದೋ, ಷಿಸ್ಟ್ ಹಳೆಯದೋ? ಕೇಳಲು ಸಣ್ಣ ಪ್ರಶ್ನೆ. ಆದರೆ ಕರ್ನಾಟಕದ ಭೂಚರಿತ್ರೆಯ ಮೊದಲ ಅಧ್ಯಾಯ ಯಾವುದೆಂಬುದು ಇದರ ಮೇಲೆ ನಿಂತಿದೆ. ಷಿಸ್ಟ್ ಹಳೆಯದಾದರೆ ಆ ಕಡಲಿನ ಕೆಳಗೆ ಏನಿತ್ತು ಎಂಬುದು ನಮಗೆ ಸಿಗುವುದೇ ಇಲ್ಲ. ನೈಸ್ ಹಳೆಯದಾದರೆ, ಕಡಲು ಬರುವ ಮೊದಲೇ ಇಲ್ಲಿ ಗಟ್ಟಿ ನೆಲವೊಂದಿತ್ತು ಎಂದಾಗುತ್ತದೆ.

ವಯಸ್ಸು ಅಳೆಯುವ ಯಂತ್ರವಿಲ್ಲದೆ ಹಿರಿಯ, ಕಿರಿಯ ಶಿಲೆಗಳನ್ನು ಗುರುತಿಸುವುದು ಹೇಗೆ? ಎರಡು ಸರಳ ನಿಯಮಗಳಿವೆ. ನಿಮ್ಮ ಊರಿನ ಯಾವುದಾದರೂ ಹಳೆಯ ಕಟ್ಟೆಯನ್ನು ನೋಡಿ. ಅದರ ಗೋಡೆಯಲ್ಲಿ ವೀರಗಲ್ಲಿನ ಚೂರೊಂದು ಸೇರಿಕೊಂಡಿದ್ದರೆ, ವೀರಗಲ್ಲು ಗೋಡೆಗಿಂತ ಹಳೆಯದು. ಇದರಲ್ಲಿ ಅನುಮಾನವಿಲ್ಲ. ಹಾಗೆಯೇ ಒಂದು ಪದರಶಿಲೆಯಲ್ಲಿ ಬೇರೊಂದು ಶಿಲೆಯ ಉರುಟು ಕಲ್ಲುಗಳು ಹುದುಗಿದ್ದರೆ, ಉರುಟು ಕಲ್ಲು ಯಾವ ಶಿಲೆಯದೋ ಆ ಶಿಲೆ ಹಳೆಯದು. ಇದು ಮೊದಲ ನಿಯಮ. ಇನ್ನು, ಆ ಗೋಡೆ ಬಿರುಕು ಬಿಟ್ಟು, ಬಿರುಕಿಗೆ ಸಿಮೆಂಟು ತುಂಬಿದ್ದರೆ, ಸಿಮೆಂಟು ಗೋಡೆಗಿಂತ ಹೊಸದು. ಹಾಗೆಯೇ ಒಂದು ಶಿಲೆಯ ಬಿರುಕುಗಳಿಗೆ ಇನ್ನೊಂದು ಶಿಲೆಯ ರಸ ನುಗ್ಗಿ ಗಟ್ಟಿಯಾಗಿದ್ದರೆ, ನುಗ್ಗಿದ ಶಿಲೆ ಕಿರಿಯದು. ಇದು ಎರಡನೆಯ ನಿಯಮ.

ಧಾರವಾಡ ಶಿಲೆಗಳು ಹಳೆಯ ನೈಸ್ ನೆಲದ ಮೇಲೆ ಬಂದು ಕೂತಿವೆ, ಎರಡರ ನಡುವೆ ಕಾಲದ ದೊಡ್ಡ ಅಂತರವಿದೆ ಎಂಬುದು ಫೂಟ್ ಅವರ ನಿಲುವು. ಅಂದರೆ ನೈಸ್ ಹಿರಿಯದು, ಧಾರವಾಡ ಕಿರಿಯದು.

ಮೈಸೂರಿನವರ ಎದುರು ವಾದ

ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾಯಿತು. ಅದನ್ನು ನಿಲ್ಲಿಸುವ ಮೊದಲ ಹೊಣೆ ಬಿದ್ದದ್ದು ನಿವೃತ್ತರಾಗಿದ್ದ ಫೂಟ್ ಅವರ ಮೇಲೆ. ಅವರ ನಂತರ ಬಂದವರು ಡಬ್ಲ್ಯು. ಎಫ್. ಸ್ಮೀತ್. ಅವರೂ ಅವರ ಜೊತೆಗಾರರೂ ಮೈಸೂರು ಸೀಮೆಯ ಶಿಲೆಗಳನ್ನು ಬಹಳ ಸೂಕ್ಷ್ಮವಾಗಿ ಪರೀಕ್ಷಿಸಿದರು. ಅವರು ತಲಪಿದ ತೀರ್ಮಾನ ಫೂಟ್ ಅವರದಕ್ಕೆ ತೀರ ವಿರುದ್ಧ!

ಸ್ಮೀತ್ ಕಂಡದ್ದು ಸುಳ್ಳಲ್ಲ. ಎಷ್ಟೋ ಕಡೆ ನೈಸ್ ಮತ್ತು ಗ್ರಾನೈಟ್ ಶಿಲೆಗಳ ನಾಳಗಳು ಷಿಸ್ಟ್‌ನೊಳಕ್ಕೆ ನುಗ್ಗಿದ್ದವು. ಷಿಸ್ಟ್‌ನ ಚೂರುಗಳು ನೈಸ್‌ನಲ್ಲಿ ಸಿಕ್ಕಿಬಿದ್ದಿದ್ದವು. ಎರಡು ನಿಯಮಗಳ ಪ್ರಕಾರವೂ ನೈಸ್ ಕಿರಿಯದು! ಹಾಗಾದರೆ ಧಾರವಾಡ ಶಿಲೆಗಳಲ್ಲಿ ಹುದುಗಿರುವ ನೈಸ್, ಗ್ರಾನೈಟ್‌ಗಳ ಉರುಟು ಕಲ್ಲುಗಳು ಎಲ್ಲಿಂದ ಬಂದವು? ಅವು ನದಿ ಉರುಳಿಸಿ ತಂದ ಕಲ್ಲುಗಳಲ್ಲ, ನೆಲದೊಳಗಿನ ಅದುಮಾಟದಲ್ಲಿ ಶಿಲೆಗಳು ಒಡೆದು, ತಿಕ್ಕಾಡಿ ದುಂಡಾದ ಚೂರುಗಳು ಎಂದು ಮೈಸೂರಿನ ತಂಡ ವಿವರಿಸಿತು. ಧಾರವಾಡ ಶಿಲೆಗಳಲ್ಲಿ ಬಹುಪಾಲು ಕಡಲಿನ ಕೆಸರಲ್ಲ, ಅಗ್ನಿಶಿಲೆಗಳೇ ರೂಪಾಂತರಗೊಂಡವು ಎಂದೂ ವಾದಿಸಿತು. ಸುತ್ತ ಹಬ್ಬಿರುವ ನೈಸ್‌ಗೆ 'ಪೆನಿನ್ಸುಲಾರ್ ನೈಸ್' ಎಂಬ ಹೆಸರು ಬಂದದ್ದು ಸ್ಮೀತ್ ಅವರಿಂದಲೇ. ಅವರ ಪ್ರಕಾರ ಧಾರವಾಡವೇ ಎಲ್ಲಕ್ಕಿಂತ ಹಿರಿಯ ಶಿಲೆ.

1912ರ ಡಿಸೆಂಬರ್ 29ರಂದು ಫೂಟ್ ಕಲ್ಕತ್ತದಲ್ಲಿ ತೀರಿಕೊಂಡರು. ಅವರ ಮಾತು ಆಗ ಬದಿಗೆ ಸರಿದಿತ್ತು. ಮುಂದೆ ಹಲವು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನಿಂತದ್ದು ಮೈಸೂರಿನ ವಾದ.

ಬೀಗ ತೆರೆದದ್ದು ಹೇಗೆ?

ಆದರೆ ಕಲ್ಲು ತನ್ನ ಸಾಕ್ಷಿಯನ್ನು ಬದಲಿಸುವುದಿಲ್ಲ. 1940ರ ಹೊತ್ತಿಗೆ ಬಿ. ರಾಮರಾವ್, ನಂತರ ಸಿ. ಎಸ್. ಪಿಚ್ಚಮುತ್ತು ಮೊದಲಾದವರು ಧಾರವಾಡ ಶಿಲೆಗಳಲ್ಲಿ ನೀರಿನ ಗುರುತುಗಳನ್ನು ಮತ್ತೆ ತೋರಿಸಿದರು. ಕೆರೆಯ ಅಂಚಿನ ಮರಳಿನಲ್ಲಿ ಅಲೆ ಮೂಡಿಸುವ ಸಣ್ಣ ಏರಿಳಿತಗಳನ್ನು ನೀವು ನೋಡಿರುತ್ತೀರಿ. ಅಂಥದೇ ಗುರುತು ಈ ಕಲ್ಲುಗಳಲ್ಲೂ ಇದೆ. ಹರಿವ ನೀರು ಓರೆಯಾಗಿ ಹಾಸಿದ ಮರಳಿನ ಪದರಗಳೂ ಇವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಲಾವಾ ಇದೆ. ಲಾವಾ ದಿಂಬಿನ ಆಕಾರ ತಾಳುವುದು ನೀರಿನೊಳಗೆ ಉಕ್ಕಿದಾಗ. ತರೀಕೆರೆ ಸಮೀಪದ ಕಲ್ದುರ್ಗದಲ್ಲೂ ಚಿತ್ರದುರ್ಗ ಜಿಲ್ಲೆಯ ತಾಳ್ಯದಲ್ಲೂ ಪದರಶಿಲೆಯೊಳಗೆ ಗ್ರಾನೈಟ್ ಮತ್ತು ನೈಸ್‌ನ ಉರುಟು ಕಲ್ಲುಗಳು ಹುದುಗಿವೆ. ಇವು ನೀರಿನಲ್ಲಿ ಉರುಳಿ ಬಂದ ಕಲ್ಲುಗಳೇ.

ಹಾಗಾದರೆ ಸ್ಮೀತ್ ಕಂಡ, ಷಿಸ್ಟ್‌ಗೆ ನುಗ್ಗಿದ ನೈಸ್ ಎಲ್ಲಿಂದ ಬಂತು? ಬಿ. ಪಿ. ರಾಧಾಕೃಷ್ಣ 1967ರಲ್ಲಿ ಈ ಇಡೀ ಸಮಸ್ಯೆಯನ್ನು ಹೊಸದಾಗಿ ಪರಿಶೀಲಿಸಬೇಕೆಂದು ಬರೆದರು. 1970ರ ದಶಕದಲ್ಲಿ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮತ್ತು ಸಂಗಡಿಗರು ದಕ್ಷಿಣ ಕರ್ನಾಟಕದ ಕ್ಷೇತ್ರಕಾರ್ಯದಿಂದ ಉತ್ತರ ತಂದರು. ಷಿಸ್ಟ್ ಶಿಲೆಗಳು ಒಂದೇ ತಲೆಮಾರಿನವಲ್ಲ, ಎರಡು ತಲೆಮಾರಿನವು! ಒಂದು ಗುಂಪು ನೈಸ್‌ಗಿಂತ ಹಳೆಯದು, ಅದರೊಳಗೆ ಚೂರು ಚೂರಾಗಿ ಸಿಕ್ಕಿಕೊಂಡಿದೆ. ಇದಕ್ಕೆ ಮೈಸೂರು ಜಿಲ್ಲೆಯ ಸರಗೂರಿನ ಹೆಸರು ಬಂತು. ಇನ್ನೊಂದು ಗುಂಪು ನೈಸ್ ನೆಲ ಸವೆದ ಮೇಲೆ ಅದರ ಮೇಲೆ ಹಾಸಿಕೊಂಡಿತು. ಇದು ಧಾರವಾಡ. ಇವೆರಡೂ ಆದ ಮೇಲೆ ಇನ್ನೂ ಕಿರಿಯ ಗ್ರಾನೈಟ್‌ಗಳು ಎಲ್ಲವನ್ನೂ ಸೀಳಿಕೊಂಡು ಬಂದವು.

ಈ ಕ್ರಮ ತಿಳಿದ ಮೇಲೆ ಜಗಳ ತಾನಾಗಿ ತಣ್ಣಗಾಯಿತು. ಫೂಟ್ ನೋಡಿದ್ದೂ ನಿಜ, ಸ್ಮೀತ್ ನೋಡಿದ್ದೂ ನಿಜ. ಇಬ್ಬರೂ ನೋಡಿದ ಷಿಸ್ಟ್‌ಗಳನ್ನು ಒಂದೇ ಹೆಸರಿನಡಿ ತಂದದ್ದರಿಂದ ಗೊಂದಲ ಹುಟ್ಟಿತ್ತು. ಎಲ್ಲ ಪಟ್ಟಿಗಳೂ ಒಂದೇ ಸಮೂಹ ಎಂದದ್ದು ಫೂಟ್ ಅವರ ತಪ್ಪು. ಕೋಲಾರದ ಷಿಸ್ಟ್‌ಗಳನ್ನೂ ಇಂದು ಧಾರವಾಡ ಸಮೂಹದಿಂದ ಬೇರೆಯಾಗಿಯೇ ನೋಡುತ್ತಾರೆ. ಆದರೆ ಅವರು ಹೆಸರು ತೆಗೆದುಕೊಂಡ ಧಾರವಾಡದ ಪಟ್ಟಿಯ ಮಟ್ಟಿಗೆ, ಅಂದರೆ ನಮ್ಮ ಕಾಲ ಕೆಳಗಿನ ಶಿಲೆಯ ಮಟ್ಟಿಗೆ, ಅವರ ಮಾತು ಸರಿ.

ಹರಳಿನೊಳಗಿನ ಗಡಿಯಾರ

ಇದನ್ನು ಖಚಿತಪಡಿಸಿದ್ದು ವಿಕಿರಣ ಗಡಿಯಾರ. ಜಿರ್ಕಾನ್ ಎಂಬ ಒಂದು ಗಟ್ಟಿ ಖನಿಜವಿದೆ. ಅದರ ಹರಳುಗಳು ಬಹಳ ಚಿಕ್ಕವು, ಸಣ್ಣ ಮರಳಿನ ಕಣದಷ್ಟು. ಶಿಲಾರಸ ತಣ್ಣಗಾಗುವಾಗ ಈ ಹರಳು ತನ್ನೊಳಗೆ ಸ್ವಲ್ಪ ಯುರೇನಿಯಮ್ಮನ್ನು ಸೇರಿಸಿಕೊಳ್ಳುತ್ತದೆ, ಆದರೆ ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಯುರೇನಿಯಮ್ ನಿಧಾನವಾಗಿ, ಒಂದೇ ಲೆಕ್ಕದಲ್ಲಿ, ಸೀಸವಾಗುತ್ತ ಹೋಗುತ್ತದೆ. ಯುರೇನಿಯಮ್–238ರ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನೊಳಗೆ ಇಂದು ಎಷ್ಟು ಸೀಸ, ಎಷ್ಟು ಯುರೇನಿಯಮ್ ಇದೆ ಎಂದು ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ.

ಈ ಬಗೆಯ ಅಳತೆಗಳಿಂದ ದೊರೆತ ಚಿತ್ರ ಹೀಗಿದೆ. ಪಶ್ಚಿಮ ಕರ್ನಾಟಕದ ನೈಸ್‌ಗಳು ಬಹುಪಾಲು 340ರಿಂದ 300 ಕೋಟಿ ವರ್ಷ ಹಳೆಯವು. ಧಾರವಾಡ ಸಮೂಹ ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ರೂಪುಗೊಂಡದ್ದು. ಹಿರೇಕೆರೂರಿನ ದಕ್ಷಿಣಕ್ಕೆ, ಇದೇ ಪಟ್ಟಿಯ ಮುಂದುವರಿಕೆಯಲ್ಲಿ, ದಾವಣಗೆರೆ ಜಿಲ್ಲೆಯ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗಳಿವೆ. ಅವುಗಳ ಜಿರ್ಕಾನ್‌ಗಳನ್ನು 1996ರಲ್ಲಿ ಅಳೆದಾಗ ಸುಮಾರು 261 ಕೋಟಿ ವರ್ಷ ಎಂದು ತಿಳಿಯಿತು. ರಾಮನಗರದ ಸುತ್ತಲಿನ ಕಿರಿಯ ಗ್ರಾನೈಟ್‌ಗಳಿಗೆ ಸುಮಾರು 250 ಕೋಟಿ ವರ್ಷ. ಮೊದಲು ನೈಸ್, ನಂತರ ಧಾರವಾಡ, ಅದಾದ ಮೇಲೆ ಕಿರಿಯ ಗ್ರಾನೈಟ್. ಸುತ್ತಿಗೆ ಹಿಡಿದು ನಡೆದು ಕಂಡುಕೊಂಡ ಕ್ರಮವನ್ನು ನೂರು ವರ್ಷಗಳ ಮೇಲೆ ಹರಳಿನ ಗಡಿಯಾರವೂ ಒಪ್ಪಿತು.

ಇಷ್ಟು ದೊಡ್ಡ ಸಂಖ್ಯೆಗಳು ಮನಸ್ಸಿಗೆ ನಿಲುಕುವುದು ಕಷ್ಟ. ಒಂದು ಉಪಾಯ ಮಾಡೋಣ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಅದನ್ನು 45.4 ಕಿಲೋಮೀಟರ್ ಉದ್ದದ ಒಂದು ರಸ್ತೆ ಎಂದುಕೊಳ್ಳಿ. ಒಂದು ಕಿಲೋಮೀಟರಿಗೆ 10 ಕೋಟಿ ವರ್ಷ, ಒಂದು ಮೀಟರಿಗೆ 1 ಲಕ್ಷ ವರ್ಷ. ರಸ್ತೆಯ ಕೊನೆಯಲ್ಲಿರುವ ನಿಮ್ಮ ಮನೆಯ ಹೊಸ್ತಿಲೇ ಇಂದು. ಹೊಸ್ತಿಲಿನಿಂದ ಹಿಂದಕ್ಕೆ ನಡೆದರೆ 660 ಮೀಟರಿನಲ್ಲಿ ಬೆಳಗಾವಿಯ ಕರಿಯ ಲಾವಾ ಸಿಗುತ್ತದೆ. ನಿಮ್ಮ ಹೊಲದ ಬೂದುಗಲ್ಲು ಸಿಗಬೇಕಾದರೆ 26 ಕಿಲೋಮೀಟರ್ ನಡೆಯಬೇಕು. ಲಾಲ್‌ಬಾಗಿನಂಥ ನೈಸ್‌ಗೆ 30 ಕಿಲೋಮೀಟರಿಗೂ ಹೆಚ್ಚು.

ಪಲ್ಲಾವರದ ಕೈಗೊಡಲಿ

ಇದೇ ರಸ್ತೆಯಲ್ಲಿ ಮನುಷ್ಯ ಎಲ್ಲಿ ಬರುತ್ತಾನೆ? ಅದಕ್ಕೂ ಫೂಟ್ ಅವರನ್ನೇ ನೆನೆಯಬೇಕು. 1859ರಲ್ಲಿ, ಫ್ರಾನ್ಸಿನ ನದಿ ಜಲ್ಲಿಯಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಬಹು ಪ್ರಾಚೀನ ಮನುಷ್ಯರವು ಎಂದು ಇಂಗ್ಲೆಂಡಿನ ವಿಜ್ಞಾನಿಗಳು ಒಪ್ಪಿಕೊಂಡಿದ್ದರು. ಭಾರತದಲ್ಲಿಯೂ ಅಂಥವು ಇರಬಹುದೆ? ಫೂಟ್ ಕಣ್ಣು ತೆರೆದೇ ನಡೆಯುತ್ತಿದ್ದರು. 1863ರ ಮೇ 30ರಂದು ಮದರಾಸಿನ ಸಮೀಪ ಪಲ್ಲಾವರದ ಒಂದು ಜಲ್ಲಿ ಗುಂಡಿಯಲ್ಲಿ ಅವರಿಗೆ ಮನುಷ್ಯ ಕೆತ್ತಿದ ಕಲ್ಲೊಂದು ಸಿಕ್ಕಿತು. ಭಾರತದಲ್ಲಿ ಗುರುತಿಸಿದ ಮೊದಲ ಹಳೆಯ ಶಿಲಾಯುಗದ ಆಯುಧ ಅದು. ಅದೇ ವರ್ಷ ವಿಲಿಯಂ ಕಿಂಗ್ ಅವರ ಜೊತೆಯಲ್ಲಿ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಸಿಕ್ಕವು.

ಕಲ್ಲಿನ ಗುಣ ತಿಳಿದವರಿಗೆ ಮಾತ್ರ ಇದು ಸಾಧ್ಯ. ತಾನಾಗಿ ಒಡೆದ ಕಲ್ಲು ಯಾವುದು, ಏಟು ಹಾಕಿ ಚಕ್ಕೆ ಎಬ್ಬಿಸಿದ ಕಲ್ಲು ಯಾವುದು ಎಂಬುದನ್ನು ಭೂವಿಜ್ಞಾನಿಯ ಕಣ್ಣು ಬೇರ್ಪಡಿಸಿತು. ಜೊತೆಗೆ, ಆಯುಧ ಯಾವ ಪದರದಲ್ಲಿ ಸಿಕ್ಕಿತು ಎಂಬುದನ್ನು ಅವರು ಮರೆಯದೆ ದಾಖಲಿಸಿದರು. ಮುಂದೆ ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನೂ, ಬಳ್ಳಾರಿ ಸೀಮೆಯಲ್ಲಿ ಉಜ್ಜಿ ನಯಮಾಡಿದ ಹೊಸ ಶಿಲಾಯುಗದ ಕೊಡಲಿಗಳನ್ನೂ ಸಂಗ್ರಹಿಸಿದರು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಅದರ ಪಟ್ಟಿ ಅವರು ತೀರಿಕೊಂಡ ಮೇಲೆ, 1914ರಲ್ಲಿ ಪ್ರಕಟವಾಯಿತು.

ಅತ್ತಿರಂಪಾಕ್ಕಂ ನೆಲೆಯನ್ನು ಶಾಂತಿ ಪಪ್ಪು ಮತ್ತು ಸಂಗಡಿಗರು ಮತ್ತೆ ಅಗೆದು, 2011ರಲ್ಲಿ ಅಲ್ಲಿಯ ಅತಿ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು ತೋರಿಸಿದರು. ನಮ್ಮ ರಸ್ತೆಯ ಲೆಕ್ಕದಲ್ಲಿ ಅದು ಹೊಸ್ತಿಲಿನಿಂದ ಬರೀ 15 ಮೀಟರ್. ಫೂಟ್ ಪಲ್ಲಾವರದಲ್ಲಿ ಬಗ್ಗಿ ಆ ಕಲ್ಲನ್ನು ಎತ್ತಿಕೊಂಡ ದಿನದಿಂದ ಇಂದಿನವರೆಗಿನ ಕಾಲ? ಎರಡು ಮಿಲಿಮೀಟರೂ ಇಲ್ಲ.

ನೀವೇ ನೋಡಿ

ಫೂಟ್ ಓದಿದ ಪುಸ್ತಕ ಇನ್ನೂ ನಿಮ್ಮೂರಿನಲ್ಲೇ ಬಿದ್ದಿದೆ. ಹೊಸದಾಗಿ ತೋಡಿದ ಬಾವಿ, ಕೃಷಿಹೊಂಡ, ರಸ್ತೆಗಾಗಿ ಕಡಿದ ಗುಡ್ಡದ ಮಗ್ಗುಲು ಸಿಕ್ಕಾಗ ಒಂದು ಗಳಿಗೆ ನಿಂತು ನೋಡಿ. ಪದರಗಳು ನೆಟ್ಟಗೆ ನಿಂತಂತೆ ಕಂಡರೆ ಅಚ್ಚರಿಪಡಬೇಡಿ. ಕಡಲ ತಳದಲ್ಲಿ ಚಾಪೆಯ ಹಾಗೆ ಮಟ್ಟಸವಾಗಿ ಹಾಸಿದ್ದ ಕೆಸರು, ನೆಲ ಇಕ್ಕೆಲಗಳಿಂದ ಅದುಮಿದಾಗ ಮಡಿಕೆ ಬಿದ್ದು ಎದ್ದು ನಿಂತಿದೆ. ಒರಟು ಕಣಗಳ ಬೂದುಗಲ್ಲು ಸಿಕ್ಕರೆ ಅದು ಬಹುಶಃ ಗ್ರೇವ್ಯಾಕೆ. ಕಡಲಿನ ಇಳಿಜಾರಿನಲ್ಲಿ ಮರಳು, ಕೆಸರು ಒಟ್ಟಿಗೆ ಜಾರಿ ಬಿದ್ದು ಆದ ಕಲ್ಲು ಅದು. ನೆರೆಯ ರಾಣೆಬೆನ್ನೂರಿನ ಹೆಸರಿನಲ್ಲೇ ಇದರ ಒಂದು ಶಿಲಾವರ್ಗವಿದೆ. ಗುಡ್ಡದ ನೆತ್ತಿಯ ಕೆಂಪು, ಕಪ್ಪು ಗೆರೆಗಳ ಕಲ್ಲು ಸಿಕ್ಕರೆ, ಅಂದಿನ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವೇ ತಳಕ್ಕೆ ಇಳಿದು ಹಾಗೆ ಗೆರೆ ಎಳೆದಿದೆ. ಶಿವಮೊಗ್ಗ ಜಿಲ್ಲೆಯ ಕುಂಸಿಯ ಬಳಿ, ಇದೇ ಪಟ್ಟಿಯಲ್ಲಿ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟ್ ಎಂಬ ರಚನೆಗಳೂ ಸಿಕ್ಕಿವೆ.

ಹಾನಗಲ್‌ಗೆ ಹೋದಾಗ ತಾರಕೇಶ್ವರ ಗುಡಿಯ ಕಂಬವನ್ನು ಮುಟ್ಟಿ ನೋಡಿ. ನುಣುಪಾದ ಆ ಬಳಪದ ಕಲ್ಲು ಇಂಥ ಷಿಸ್ಟ್ ಪಟ್ಟಿಗಳ ಕೊಡುಗೆ. ಗ್ರಾನೈಟ್‌ನಲ್ಲಿ ಅಷ್ಟು ನವಿರಾದ ಕೆತ್ತನೆ ಸುಲಭವಲ್ಲ. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿನ ಈ ಗುಣವನ್ನು ಫೂಟ್ ಅವರಿಗಿಂತ 700 ವರ್ಷ ಮೊದಲೇ ಕಂಡುಕೊಂಡಿದ್ದರು.

ಕಲ್ಲುಗಣಿ, ರಸ್ತೆ ಅಗಲೀಕರಣ, ಹೊಲ ಸಮತಟ್ಟು ಮಾಡುವ ಯಂತ್ರಗಳಿಂದ ಇಂಥ ಗುರುತುಗಳು ದಿನದಿನಕ್ಕೂ ಕಡಮೆಯಾಗುತ್ತಿವೆ. ಕೆಲಸ ನಿಲ್ಲಬೇಕೆಂದಲ್ಲ. ಆದರೆ ಉರುಟು ಕಲ್ಲು ಹುದುಗಿದ ಬಂಡೆಯೋ, ಅಲೆಯ ಗುರುತಿರುವ ಹಲಗೆಯೋ, ಕೆತ್ತಿದಂತೆ ಕಾಣುವ ಕಲ್ಲೋ ಕಣ್ಣಿಗೆ ಬಿದ್ದರೆ ಅದನ್ನು ಕಿತ್ತು ತರಬೇಡಿ. ಇರುವ ಜಾಗದಲ್ಲೇ ಅದರ ಚಿತ್ರ ತೆಗೆಯಿರಿ, ಜಾಗ ಮತ್ತು ಪದರವನ್ನು ಬರೆದಿಡಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ಅಧ್ಯಾಪಕರಿಗೆ ತಿಳಿಸಿ. ಜಾಗ ತಪ್ಪಿದ ಕಲ್ಲು ಪುಟ ಹರಿದ ಪುಸ್ತಕದ ಹಾಗೆ. ಫೂಟ್ ಅವರ ತೀರ್ಮಾನಗಳಲ್ಲಿ ಕೆಲವು ಉಳಿದವು, ಕೆಲವು ಬಿದ್ದವು. ಆದರೆ ಕಂಡದ್ದನ್ನು ಕಂಡ ಜಾಗದ ಸಮೇತ ಅವರು ಬರೆದಿಟ್ಟಿದ್ದರಿಂದಲೇ, ಮುಂದಿನವರು ಅದೇ ಬಂಡೆಯ ಮುಂದೆ ಹೋಗಿ ನಿಂತು, ಅವರು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳಲು ಸಾಧ್ಯವಾಯಿತು.